ಹುಲಿಗೆ ಜೋಡಿ ಯಾರು?

ಹರವೆಯ ನಮ್ಮ ಹಳೇ ಮನೆಯ ಜಗುಲಿಕಲ್ಲಿನ ಮೇಲೆ ಹುಲಿ-ಕುರಿ ಆಟದ ಮನೆಗಳನ್ನು ಕೆತ್ತಿದ್ದಾರೆ. ಮೂರು ತಲೆಮಾರಿನ ಮಕ್ಕಳ ಬೆರಳು ಓಡಾಡಿ ಗೀರುಗಳೆಲ್ಲ ನುಣುಪಾಗಿವೆ. ಹುಲಿ ಮೂರು, ಕುರಿ ಹದಿನೈದು. ಹುಲಿಗೆ ಬೆಣಚುಕಲ್ಲು, ಕುರಿಗೆ ಹುಣಸೆಬೀಜ.

ಕಳೆದ ಯುಗಾದಿಗೆ ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಊರೆಲ್ಲ ಇಸ್ಪೀಟಿಗೆ ಕೂತಿದ್ದರೆ ಇವನೊಬ್ಬ ಚೀಲದಿಂದ ಇಪ್ಪತ್ತು ಮುಖದ ದಾಳ ತೆಗೆದು ಅದೇ ಜಗುಲಿಯ ಮೇಲೆ ಸುಮ್ಮನೆ ಉರುಳಿಸುತ್ತ ಕೂತಿದ್ದ. ಮುಖ ಸಪ್ಪಗಿತ್ತು.

‘ಯಾಕ್ ಕೂಸು, ಏನಾತು?’ ಎಂದೆ.

‘ನಮ್ ಹುಡುಗ್ರು ಬಲ್ತುಬುಟ್ರು ಮಾವ. ಈಗ ಏನ್ ಎದ್ರಿಗೆ ಬುಟ್ರೂ ಎಲ್ಡೇ ಏಟ್ಗೆ ಮುಗಿಸ್ತಾರೆ. ಡ್ರ್ಯಾಗನ್ನೂ ನಿಂತ್ಕಳದಿಲ್ಲ’ ಎಂದ.

ಅವನು ಆಡಿಸುವ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಮೇಜಿನ ಮೇಲೆ ಗೊಂಬೆ ಸೈನ್ಯಗಳನ್ನು ಕಾದಾಡಿಸುತ್ತಿದ್ದ ಹಳೆಯ ಆಟಗಳ ಹೊಟ್ಟೆಯಲ್ಲಿ ಹುಟ್ಟಿತು. ನಾಲ್ಕೈದು ಜನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ವೇಷ ಕಟ್ಟುತ್ತಾರೆ. ವೇಷವೆಂದರೆ ಮಾತಿನದು, ಬಣ್ಣದ್ದಲ್ಲ. ಒಬ್ಬ ಮಾತ್ರ ವೇಷ ಕಟ್ಟುವುದಿಲ್ಲ. ಕಾಡು, ಮಳೆ, ಛತ್ರದ ಯಜಮಾನ, ರಾಕ್ಷಸ, ಹೀಗೆ ಉಳಿದ ಲೋಕವೆಲ್ಲ ಅವನೇ. ಹುಡುಗರು ಅವನನ್ನು ಡಿಎಂ ಎನ್ನುತ್ತಾರೆ, ನಾನು ಸೂತ್ರಧಾರ ಎನ್ನುತ್ತೇನೆ. ಪಾತ್ರಗಳು 1ನೇ ಲೆವೆಲ್ಲಿನಲ್ಲಿ ಹುಟ್ಟಿ, ಗೆದ್ದಂತೆಲ್ಲ ಏರುತ್ತ 20ರವರೆಗೆ ಹೋಗಬಹುದು. ನಮ್ಮ ಹುಡುಗನ ಮೇಜಿನಲ್ಲಿ ಐವರಿದ್ದರು, ಐವರೂ 17ನ್ನು ಮುಟ್ಟಿದ್ದರು.

17 ಎಂದರೆ ಎಷ್ಟು ಎಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. ಮೊದಮೊದಲು ಎದುರಾಗುವ ಗಾಬ್ಲಿನ್ ಎಂಬ ಕುಳ್ಳ ಪಿಶಾಚಿಗೆ 2014ರ ಆವೃತ್ತಿಯಲ್ಲಿ 7 ಅಂಕದ ಜೀವ. ಅದನ್ನು ಹೊಡೆಯುವಷ್ಟರಲ್ಲಿ 1ನೇ ಲೆವೆಲ್ಲಿನ ವೀರನಿಗೆ ಬೆವರು ಇಳಿಯುತ್ತದೆ. 17ನೇ ಲೆವೆಲ್ಲಿನ ಮಾಂತ್ರಿಕ ಆಕಾಶದಿಂದ ಉಲ್ಕೆ ಸುರಿಸಿದರೆ ಆರು ಮುಖದ 40 ದಾಳ ಎಸೆಯಬೇಕು, ಸರಾಸರಿ 140 ಅಂಕ. ಇಪ್ಪತ್ತು ಗಾಬ್ಲಿನ್‌ಗಳ ಜೀವ ಒಂದೇ ಉಸಿರಿನಲ್ಲಿ. ಅದೇ ಲೆವೆಲ್ಲಿಗೆ ‘ಬಯಸಿದ್ದು ಆಗಲಿ’ ಎನ್ನುವ ಮಂತ್ರವೂ ಕೈಗೆ ಸಿಗುತ್ತದೆ. ಬಯಸಿದ್ದೆಲ್ಲ ಆಗುವವನ ಮುಂದೆ ಏನನ್ನು ತಂದು ನಿಲ್ಲಿಸಬೇಕು? ಹುಡುಗನ ಸಂಕಟ ಇಷ್ಟೇ. ನನಗೆ ಅದು ಆಟದ ಸಂಕಟವಷ್ಟೇ ಅನ್ನಿಸಲಿಲ್ಲ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಎದುರಾಳಿಯನ್ನೂ ಅಷ್ಟೇ ಬೆಳೆಸುವುದು. ವೀರ ಮೊಳ ಬೆಳೆದರೆ ರಾಕ್ಷಸನೂ ಮೊಳ. ಇದರಲ್ಲಿ ಒಂದು ಮೋಸವಿದೆ. ಇಬ್ಬರೂ ಸಮಸಮವಾಗಿ ಬೆಳೆದರೆ ವೀರ ಬೆಳೆದನೆಂಬುದಕ್ಕೆ ಸಾಕ್ಷಿ ಎಲ್ಲಿ? ಆಗ ಮೂರು ಏಟಿಗೆ ಸಾಯುತ್ತಿದ್ದವನು ಈಗಲೂ ಮೂರೇ ಏಟಿಗೆ ಸಾಯುತ್ತಾನೆ, ಅಂಕಗಳ ಹಿಂದೆ ಸೊನ್ನೆ ಸೇರಿದ್ದೊಂದೇ ವ್ಯತ್ಯಾಸ. ಸಂಬಳ ಏರಿದಷ್ಟೇ ಅಕ್ಕಿಯ ಬೆಲೆಯೂ ಏರಿದ ಮನೆಯಂತೆ. ಗಾಣದೆತ್ತು ಎಷ್ಟು ಹರದಾರಿ ನಡೆದರೂ ಸಂಜೆಗೆ ಅದೇ ಗೂಟದ ಪಕ್ಕದಲ್ಲಿರುತ್ತದೆ. ಹಾಗೆಂದು ಎದುರಾಳಿಯನ್ನು ಬೆಳೆಸದೆ ಬಿಟ್ಟರೆ ಆಕಳಿಕೆ. ಬೆಳೆಸಿದರೆ ಬೆಳವಣಿಗೆ ಸುಳ್ಳಾಗುತ್ತದೆ, ಬೆಳೆಸದಿದ್ದರೆ ಆಟವೇ ಸಪ್ಪೆಯಾಗುತ್ತದೆ.

ಆಟ ಮಾಡಿದವರು ದಡ್ಡರಲ್ಲ, ಇದಕ್ಕೊಂದು ತಕ್ಕಡಿ ಕಟ್ಟಿಕೊಟ್ಟಿದ್ದಾರೆ. 2000ದ ಮೂರನೇ ಆವೃತ್ತಿಯಲ್ಲಿ ಪ್ರತಿ ರಾಕ್ಷಸನಿಗೂ ಸವಾಲಿನ ಒಂದು ಅಂಕೆ ಬಂತು. ಇಷ್ಟನೇ ಲೆವೆಲ್ಲಿನ ನಾಲ್ವರಿಗೆ ಇಷ್ಟು ಅಂಕೆಯವನು ತಕ್ಕವನು ಎಂದು ನೋಡಿಕೊಳ್ಳಬಹುದು. ಆದರೆ 2014ರ ಸೂತ್ರಧಾರನ ಕೈಪಿಡಿ ಇನ್ನೊಂದು ಮಾತನ್ನೂ ಹೇಳುತ್ತದೆ, ಬಹಳ ಜನ ಅದನ್ನು ಓದಿ ಮರೆಯುತ್ತಾರೆ: ಹದವಾದ ಕಷ್ಟದ ಕಾಳಗವಾದರೆ ವೀರರು ದಿನಕ್ಕೆ ಆರರಿಂದ ಎಂಟನ್ನು ತಾಳಿಯಾರು. ತಕ್ಕಡಿ ನಿಂತಿರುವುದೇ ಆ ಲೆಕ್ಕದ ಮೇಲೆ. ನಮ್ಮ ಹುಡುಗನ ಮೇಜಿನಲ್ಲಿ ದಿನಕ್ಕೆ ಒಂದೇ ಕಾಳಗ. ರಾತ್ರಿ ನಿದ್ದೆ ಮಾಡಿ, ಮಂತ್ರಗಳನ್ನೆಲ್ಲ ಮತ್ತೆ ತುಂಬಿಕೊಂಡು ಬಂದ ಐವರು ಒಂದೇ ಡ್ರ್ಯಾಗನ್ನಿನ ಮೇಲೆ ಬಿದ್ದರೆ ಅದು ಎಲ್ಲಿ ನಿಂತೀತು?

ದಣಿವಿನ ಬೆಲೆ ವ್ಯಾಸರಿಗೆ ಚೆನ್ನಾಗಿ ಗೊತ್ತಿತ್ತು. ಕರ್ಣನ ಬಳಿ ಇಂದ್ರ ಕೊಟ್ಟ ಶಕ್ತ್ಯಾಯುಧವಿದೆ. ಒಮ್ಮೆ ಮಾತ್ರ ಎಸೆಯಬಹುದು, ಎಸೆದರೆ ತಪ್ಪುವುದಿಲ್ಲ. ಅರ್ಜುನನಿಗೆಂದು ಅದನ್ನು ತೆಗೆದಿಟ್ಟಿದ್ದಾನೆ. ಹದಿನಾಲ್ಕನೆಯ ದಿನದ ರಾತ್ರಿಯುದ್ಧದಲ್ಲಿ ಕೃಷ್ಣ ಘಟೋತ್ಕಚನನ್ನು ಮುಂದೆ ಬಿಡುತ್ತಾನೆ. ಕೌರವ ಸೇನೆ ಕಂಗೆಟ್ಟು ಕರ್ಣನ ಕಾಲಿಗೆ ಬೀಳುತ್ತದೆ, ಆಯುಧ ಖರ್ಚಾಗುತ್ತದೆ. ಮಗ ಸತ್ತನೆಂದು ಪಾಂಡವರು ಅಳುತ್ತಿರುವಾಗ ಕೃಷ್ಣ ಕುಣಿಯುತ್ತಾನೆ. ಅಂಥ ಕ್ರೂರ ಸೂತ್ರಧಾರ ಲೋಕದಲ್ಲಿ ಇನ್ನೊಬ್ಬನಿಲ್ಲ. ಆದರೆ ಒಂದನ್ನು ಗಮನಿಸಬೇಕು. ಅವನು ಕರ್ಣನ ಬಲವನ್ನು ಕದಿಯಲಿಲ್ಲ. ಎಲ್ಲಿ ಖರ್ಚು ಮಾಡುತ್ತೀಯೆ ಎಂದು ಕೇಳಿದ, ಕರ್ಣನೇ ಖರ್ಚು ಮಾಡಿದ.

ಇದನ್ನು ಹೇಳಿದಾಗ ಹುಡುಗ ತಲೆ ತಗ್ಗಿಸಿದ. ಆಮೇಲೆ ಬಾಯಿಬಿಟ್ಟ. ಹಿಂದಿನ ತಿಂಗಳು ಹಳೇ ಕೆಂಪು ಡ್ರ್ಯಾಗನ್ ಒಂದನ್ನು ಇಳಿಸಿದ್ದನಂತೆ. ಪುಸ್ತಕದಲ್ಲಿ ಅದಕ್ಕೆ 546 ಅಂಕದ ಜೀವ. ಎರಡನೇ ಸುತ್ತಿಗೇ ಅದು ಸಾಯುವ ಹಾಗಾಯಿತು. ಯಾರಿಗೂ ಹೇಳದೆ, ಪರದೆಯ ಹಿಂದೆ, ಇನ್ನು 200 ಸೇರಿಸಿಬಿಟ್ಟ. ‘ಯಾರ್ಗೂ ಗೊತ್ತಾಗ್ಲಿಲ್ಲ ಮಾವ. ಎಲ್ರೂ ಖುಷಿಯಾಗಿ ಕುಣುದ್ರು’ ಎಂದ.

ನನಗಿದ್ದ ನಿಜವಾದ ಪ್ರಶ್ನೆ ಇಲ್ಲಿದೆ. ಖುಷಿಗಾಗಿ ತಕ್ಕಡಿಯ ತಟ್ಟೆಗೆ ಬೆರಳು ತಾಗಿಸಿದರೆ ತಪ್ಪೇ? ಗೆದ್ದವರು ಗೆದ್ದೆವೆಂದೇ ತಿಳಿದಿದ್ದಾರೆ, ಸೋತ ಡ್ರ್ಯಾಗನ್ನಿಗೆ ಮನಸ್ಸೆಂಬುದಿಲ್ಲ. ನಷ್ಟ ಯಾರಿಗೆ?

ಹುಡುಗನ ಪರವಾಗಿ ವಾದಿಸುವವರಿಗೆ ನಮ್ಮ ಸೀಮೆಯಲ್ಲೇ ಸಾಕ್ಷಿ ಸಿಗುತ್ತದೆ. ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡುವ ದೇವರಗುಡ್ಡರು ರಾತ್ರಿಯ ಉದ್ದ ನೋಡಿ, ಕೂತವರ ಕಣ್ಣು ನೋಡಿ ಸಾಲುಗಳನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಜನ ಎಚ್ಚರವಿದ್ದರೆ ಮಾದಪ್ಪನ ಶತ್ರು ಶ್ರವಣದೊರೆ ಇನ್ನೊಂದು ಗಳಿಗೆ ಬದುಕುತ್ತಾನೆ. ಅದನ್ನು ಮೋಸವೆಂದು ಯಾರೂ ಕರೆದಿಲ್ಲ. ಸೂತ್ರಧಾರನೂ ಕತೆಗಾರನೇ ತಾನೇ?

ಅರ್ಧ ಮಾತ್ರ ಕತೆಗಾರ ಎನ್ನುತ್ತೇನೆ ನಾನು. ಕಂಸಾಳೆ ಕೇಳುವವನು ಪಣ ಇಟ್ಟಿಲ್ಲ. ಶ್ರವಣ ಬೇಗ ಸತ್ತರೂ ತಡವಾಗಿ ಸತ್ತರೂ ಅವನ ಗಂಟು ಹೋಗುವುದಿಲ್ಲ. ದಾಳ ಎಸೆದವನು ಪಣ ಇಟ್ಟಿದ್ದಾನೆ: ಎರಡು ವರ್ಷ ಪ್ರತಿ ಶನಿವಾರ ಸಂಜೆ ಕೂತು ಬೆಳೆಸಿದ ಪಾತ್ರ, ಆ ಸುತ್ತಿನಲ್ಲಿ ಎಸೆಯದೆ ಉಳಿಸಿಕೊಳ್ಳಬಹುದಾಗಿದ್ದ ಮಂತ್ರ. ಎರಡನೇ ಸುತ್ತಿನಲ್ಲಿ ಡ್ರ್ಯಾಗನ್ನನ್ನು ಕೆಡವಿದ್ದು ಅವರ ಜಾಣತನ. ಆ ಜಾಣತನಕ್ಕೆ ಸಿಗಬೇಕಾದ ಕೂಲಿಯನ್ನು ಹುಡುಗ ಕಿತ್ತುಕೊಂಡ, ಬದಲಿಗೆ ಕುಣಿತ ಕೊಟ್ಟ. ಕುಣಿತ ಒಳ್ಳೆಯದೇ, ಆದರೆ ಅವರು ದುಡಿದದ್ದು ಅದಕ್ಕಲ್ಲ.

ಮೈಸೂರು ಸೀಮೆಯ ಗರಡಿಗಳಲ್ಲಿ ‘ಜೋಡಿ ಕಟ್ಟುವುದು’ ಎಂಬ ಮಾತಿದೆ. ದಸರಾ ಕುಸ್ತಿಗೆ ಮುಂಚೆ ಹಿರಿಯರು ಕೂತು ಯಾರಿಗೆ ಯಾರು ಎಂದು ಗೊತ್ತುಮಾಡುತ್ತಾರೆ. ಪೈಲ್ವಾನನ ತೂಕ, ಪಳಗಿದ ಕಾಲ, ಹಿಂದಿನ ಹಿಡಿತಗಳು ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಅಲ್ಲಿ ಬೇಕಾದಷ್ಟು ವಾದ ಮಾಡಬಹುದು, ಒಲ್ಲೆ ಎನ್ನಬಹುದು. ಒಮ್ಮೆ ಮಟ್ಟಿಗೆ ಇಳಿದ ಮೇಲೆ ಮಾತ್ರ ಯಾವ ಹಿರಿಯನೂ ಸೋಲುವವನ ಬೆನ್ನಿಗೆ ಕೈ ಕೊಡುವುದಿಲ್ಲ. ಸೂತ್ರಧಾರನ ನ್ಯಾಯವೂ ಅಷ್ಟೇ ಇರಬೇಕು. ಜೋಡಿ ಕಟ್ಟುವಾಗ ಅವನು ದೇವರು, ಮಣ್ಣು ಮುಟ್ಟಿದ ಮೇಲೆ ಬರೀ ತೀರ್ಪುಗಾರ. ಈ ಆಟದಲ್ಲಿ ದೊಡ್ಡ ರಾಕ್ಷಸರಿಗೆ ಒಂದು ವಿಚಿತ್ರ ಹಕ್ಕಿದೆ. ದಿನಕ್ಕೆ ಮೂರು ಸಲ, ಸೋತ ದಾಳವನ್ನೂ ‘ಗೆದ್ದೆ’ ಎಂದುಬಿಡಬಹುದು. ಮೊದಲು ಕೇಳಿದಾಗ ಶುದ್ಧ ಅನ್ಯಾಯ ಅನ್ನಿಸಿತು. ಈಗ ಹಾಗನ್ನಿಸುವುದಿಲ್ಲ. ಅದು ಪುಸ್ತಕದಲ್ಲಿ ಬರೆದಿಟ್ಟ ಅನ್ಯಾಯ. ಮೂರು ಎಂದು ತಿಳಿದವರು ಆ ಮೂರನ್ನು ಸಣ್ಣಪುಟ್ಟ ಮಂತ್ರಗಳಿಂದಲೇ ಕರಗಿಸುತ್ತಾರೆ. ಘಟೋತ್ಕಚನನ್ನು ಮುಂದೆ ಬಿಟ್ಟು ಶಕ್ತ್ಯಾಯುಧ ಕರಗಿಸಿದ ಹಾಗೆಯೇ, ಈ ಸಲ ಕೃಷ್ಣನ ಕೆಲಸ ಆಟಗಾರರದ್ದು.

ಜೋಡಿ ಕಟ್ಟಿದ ಮಾತ್ರಕ್ಕೆ ಕಷ್ಟ ಮುಗಿಯುವುದಿಲ್ಲ. ನಿಜವಾಗಿ ಸರಿಸಮರಾದ ಇಬ್ಬರು ಸಿಕ್ಕರೆಂದಿಟ್ಟುಕೊಳ್ಳಿ. ರನ್ನ ಒಂದು ಕಾವ್ಯವನ್ನೇ ಆ ಜೋಡಿಯ ಸುತ್ತ ಕಟ್ಟಿದ. ಭೀಮ, ದುರ್ಯೋಧನ: ಒಬ್ಬನದು ಬಲ, ಇನ್ನೊಬ್ಬನದು ವರ್ಷಗಟ್ಟಲೆ ಸಾಧಿಸಿದ ಗದಾವಿದ್ಯೆ. ತಕ್ಕಡಿ ಅಲ್ಲಾಡುವುದಿಲ್ಲ. ಅಲ್ಲಾಡದ ತಕ್ಕಡಿ ಕೊನೆಗೆ ಹೇಗೆ ವಾಲಿತು? ಹೊಡೆಯಬಾರದ ತೊಡೆಗೆ ಹೊಡೆದು. ತುತ್ತತುದಿಯ ಸಮಾನತೆಯಲ್ಲಿ ಕಾಳಗ ಮುಗಿಯಬೇಕಾದರೆ ಯಾರಾದರೊಬ್ಬರು ನಿಯಮ ಮುರಿಯಲೇಬೇಕು ಎಂದು ಆ ತೊಡೆ ಹೇಳುತ್ತಿದೆಯೇನೋ. ನಮ್ಮ ಹುಡುಗ ಪರದೆಯ ಹಿಂದೆ 200 ಸೇರಿಸಿದ್ದೂ ಒಂದು ಬಗೆಯ ತೊಡೆಯೇಟು.

ಹಾಗಾದರೆ ನಿಯಮ ಮುರಿಯದೆ, ಬಲ ಕುಗ್ಗಿಸದೆ, ಬಲಾಢ್ಯರ ಕಾಳಗವನ್ನು ಮುಗಿಸುವ ದಾರಿ ಇಲ್ಲವೇ? ಇದೆ. ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಜಟ್ಟಿಗಳು ಬರುವುದು ಮೈಸೂರು, ಬೆಂಗಳೂರು, ಚನ್ನಪಟ್ಟಣ ಮತ್ತು ನಮ್ಮ ಚಾಮರಾಜನಗರದಿಂದ. ತಲೆ ಬೋಳಿಸಿದ ಇಬ್ಬರು, ಕೈಯಲ್ಲಿ ಮೊನೆಗಳಿರುವ ಮುಷ್ಟಿಯಾಯುಧ. ಗಟ್ಟಿಯಾಗಿ ಬಿದ್ದರೆ ತಲೆಬುರುಡೆಗೇ ಸಂಚಕಾರ ಬರುವಂಥ ಆಯುಧವದು. ಆದರೆ ಕಾಳಗ ಯಾರಾದರೂ ಬೀಳುವವರೆಗೆ ನಡೆಯುವುದಿಲ್ಲ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ತಕ್ಷಣ ಮುಗಿಯಿತು. ಎಷ್ಟೋ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ. ದೂರದಿಂದ ಬಂದ ಪ್ರವಾಸಿಗರು ‘ಅಷ್ಟೇನಾ?’ ಎಂದು ಮುಖ ನೋಡಿಕೊಳ್ಳುತ್ತಾರೆ.

ಆ ‘ಅಷ್ಟೇ’ಯಲ್ಲಿ ಎಷ್ಟು ಬುದ್ಧಿಯಿದೆ ನೋಡಿ. ಆಯುಧವನ್ನು ಮೊಂಡು ಮಾಡಲಿಲ್ಲ. ಜಟ್ಟಿಯ ಪಳಗಿದ ಕೈಗೆ ಕಟ್ಟು ಹಾಕಲಿಲ್ಲ. ಗೆಲುವಿನ ಗೆರೆಯನ್ನು ಮಾತ್ರ ಬೇರೆ ಕಡೆ ಎಳೆದರು. ಒಂದು ಹನಿ ರಕ್ತ ತೆಗೆಯಬೇಕು, ಅದಕ್ಕಿಂತ ಹೆಚ್ಚು ಬೇಡ. ಕೊಲ್ಲಬಲ್ಲ ಕೈಗೆ ಕೊಲ್ಲುವುದು ಸುಲಭ, ಹನಿಯಷ್ಟಕ್ಕೇ ನಿಲ್ಲಿಸುವುದು ಕಷ್ಟ. ಬಲ ಹೆಚ್ಚಿದಷ್ಟೂ ಆ ಕಷ್ಟ ಹೆಚ್ಚುತ್ತದೆ.

ನನ್ನ ವಾದವೂ ಇದೇ. ಕಷ್ಟವೆಂದರೆ ಎದುರಾಳಿಯ ಜೀವದ ಅಂಕವಲ್ಲ. ಬಲಕ್ಕೆ ಹಾಕುವ ಪ್ರಶ್ನೆಯಲ್ಲಿ ಕಷ್ಟ ಇರುತ್ತದೆ. 1ನೇ ಲೆವೆಲ್ಲಿನವನಿಗೆ ‘ಹೊಡೆಯಬಲ್ಲೆಯಾ?’ ಎಂದು ಕೇಳಿದರೆ ಸಾಕು. 17ನೆಯವನಿಗೆ ಅದೇ ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಕೇಳಿ ಫಲವಿಲ್ಲ. ಅವನು ಹೊಡೆಯಬಲ್ಲ, ಅದು ಎಲ್ಲರಿಗೂ ಗೊತ್ತು. ಹೊಡೆದರೆ ಇನ್ನೇನು ಮುರಿಯುತ್ತದೆ, ಯಾರನ್ನು ಬಿಟ್ಟು ಯಾರನ್ನು ಕಾಯುತ್ತೀಯೆ, ಹೊಡೆಯದೆ ಗೆಲ್ಲಬಲ್ಲೆಯಾ? ಹೀಗೆ ಪ್ರಶ್ನೆಯ ಜಾತಿಯೇ ಬದಲಾಗಬೇಕು.

ಜಗುಲಿಯ ಆಟಕ್ಕೆ ಮರಳುತ್ತೇನೆ. ಹುಲಿ-ಕುರಿಯಲ್ಲಿ ಎರಡೂ ಪಕ್ಷಕ್ಕೆ ಒಂದೇ ಪ್ರಶ್ನೆ ಇಲ್ಲ. ಹುಲಿ ಹಾರಿ ಕುರಿಯನ್ನು ತಿನ್ನಬೇಕು. ಕುರಿ ಯಾರನ್ನೂ ತಿನ್ನಲಾರದು. ಹುಲಿ ಅಲ್ಲಾಡದಂತೆ ಸುತ್ತ ನಿಂತರೆ ಅದಕ್ಕೆ ಗೆಲುವು. ಹದಿನೈದೂ ಕುರಿಗಳನ್ನು ಮನೆಗಳಲ್ಲಿ ಇಟ್ಟು ಮುಗಿಯುವ ತನಕ ಒಂದನ್ನೂ ಸರಿಸುವಂತಿಲ್ಲ, ಆ ಹೊತ್ತೆಲ್ಲ ಹುಲಿಯ ರಾಜ್ಯ. ಅಜ್ಜಿ ಯಾವಾಗಲೂ ಕುರಿಯನ್ನೇ ಆಡಿಸುತ್ತಿತ್ತು, ನನಗೆ ಹುಲಿ ಕೊಡುತ್ತಿತ್ತು. ಎರಡು ಕುರಿಯನ್ನು ಒಂದರ ಬೆನ್ನಿಗೆ ಒಂದು ಇಟ್ಟುಬಿಟ್ಟರೆ ಹುಲಿಗೆ ಹಾರಲು ಮನೆಯಿಲ್ಲ. ನನ್ನ ಮೂರು ಹುಲಿಗಳು ಹಲ್ಲು ಉಗುರು ಎಲ್ಲ ಇದ್ದೂ ಮೂಲೆಯಲ್ಲಿ ಕೂತಿರುತ್ತಿದ್ದವು. ಬಂಡೀಪುರದ ಮಗ್ಗುಲಲ್ಲೇ ಇರುವ ನಮಗೆ ಹುಲಿಯೂ ಬರೀ ಉಪಮೆಯಲ್ಲ, ಕುರಿಯೂ ಅಲ್ಲ. ಆಟ ಕಟ್ಟಿದವರಿಗೆ ಎರಡರ ಅಳತೆಯೂ ತಿಳಿದಿತ್ತು.

ಡ್ರ್ಯಾಗನ್ ಆಡಿಸುವವರೂ ಎಣಿಕೆಯ ಈ ಗುಟ್ಟನ್ನು ಕಂಡುಕೊಂಡಿದ್ದಾರೆ. ಐವರ ಎದುರು ಒಂದೇ ರಾಕ್ಷಸನಿದ್ದರೆ ಅವನು ಒಂದು ಕೈ ಆಡುವಷ್ಟರಲ್ಲಿ ಇವರು ಐದು ಕೈ ಆಡುತ್ತಾರೆ. ಅವನು ಹುಲಿಯಾದರೂ ಸುತ್ತ ಕುರಿ ತುಂಬಿದ ಹುಲಿ. ಅದಕ್ಕೇ 2014ರ ಕೈಪಿಡಿ ಎದುರಾಳಿಗಳ ತಲೆಯೆಣಿಕೆ ಹೆಚ್ಚಿದಂತೆಲ್ಲ ಕಾಳಗದ ಕಷ್ಟವನ್ನು ಗುಣಿಸುತ್ತಿತ್ತು: ಇಬ್ಬರಾದರೆ ಒಂದೂವರೆ ಪಟ್ಟು, ಹದಿನೈದು ಅಥವಾ ಅದಕ್ಕೆ ಮೇಲ್ಪಟ್ಟರೆ ನಾಲ್ಕು ಪಟ್ಟು. ಹದಿನೈದು ಎಂದು ಕೇಳಿದಾಗ ನನಗೆ ನಗು ಬಂತು. ಅಜ್ಜಿಯ ಹುಣಸೆಬೀಜಗಳಷ್ಟೇ! 2024ರ ಪರಿಷ್ಕರಣೆಯಲ್ಲಿ ಆ ಗುಣಾಕಾರವನ್ನು ಕೈಬಿಟ್ಟರಂತೆ. ಲೆಕ್ಕ ಸುಲಭವಾಯಿತು, ಕುರಿಯ ಬೆಲೆ ಇಳಿಯಿತು.

ಪ್ರಶ್ನೆಯ ಜಾತಿ ಬದಲಿಸಬೇಕೆಂಬ ನನ್ನ ವಾದಕ್ಕೊಂದು ಎದುರುಮಾತು ಇದೆ, ಹಗುರವಾದದ್ದಲ್ಲ. ‘ರೆಕ್ಕೆ ಕೊಟ್ಟು ಮೇಲೆ ಸೂರು ಹಾಕಿದ ಹಾಗಾಯ್ತಲ್ಲ?’ ಎಂದು ಹುಡುಗನ ಗೆಳೆಯನೊಬ್ಬ ಕೇಳಿದ್ದನಂತೆ. ಉಲ್ಕೆ ಸುರಿಸುವ ಮಂತ್ರವನ್ನು ಎರಡು ವರ್ಷ ಕಾದು ಪಡೆದವನ ಎದುರಿಗೆ ಪ್ರತಿ ಸಲವೂ ಒತ್ತೆಯಾಳು, ಪ್ರತಿ ಸಲವೂ ಮುರಿಯಬಾರದ ಗಾಜಿನ ಕೋಟೆ ಇಟ್ಟರೆ ಅದೂ ಕಳ್ಳತನವೇ, ನಾಜೂಕಿನ ಕಳ್ಳತನ. ಒಪ್ಪುತ್ತೇನೆ. ಹುಲಿಗೆ ಆಗಾಗ ಕುರಿ ಸಿಗಲೇಬೇಕು. ಹಿಂದೆ ಬೆವರಿಳಿಸಿದ ಶತ್ರು ಮತ್ತೆ ಎದುರಾಗಬೇಕು, ಒಂದಿನಿತೂ ಬೆಳೆಯದೆ, ಅದೇ 7 ಅಂಕದ ಜೀವ ಹಿಡಿದುಕೊಂಡು. ತಾನು ಹತ್ತಿದ ಬೆಟ್ಟದ ಎತ್ತರ ವೀರನಿಗೆ ತಿಳಿಯುವುದು ಕೆಳಗೆ ನೋಡಿದಾಗ. ಗಾಣದೆತ್ತಿನ ಕಣ್ಣುಪಟ್ಟಿ ಬಿಚ್ಚುವುದೆಂದರೆ ಇದೇ.

ಮಾದಪ್ಪನ ಕತೆಯ ಕಟ್ಟೋಣದಲ್ಲಿ ನಾನು ಬೆರಗಾಗುವುದು ಇದಕ್ಕೇ. ಹಾಡುವವರಿಂದ ಹಾಡುವವರಿಗೆ ಪಾಠ ಬೇರೆಯಾಗುತ್ತದೆ, ಆದರೆ ಬಲದಲ್ಲಿ ಎಲ್ಲರಿಗಿಂತ ಮಿಗಿಲಾದ ಶತ್ರು ಕತೆಯ ಕೊನೆಗೆ ಬರುವುದಿಲ್ಲ, ಮೊದಲ ಭಾಗದಲ್ಲೇ ಬಂದುಹೋಗುತ್ತಾನೆ. ಶ್ರವಣದೊರೆ ಮೂವತ್ತುಮೂರು ಕೋಟಿ ದೇವತೆಗಳನ್ನು ಸೆರೆಯಲ್ಲಿಟ್ಟವನು. ಹುಡುಗನ ಪುಸ್ತಕದ ಸವಾಲಿನ ಅಂಕೆ ಕೊಟ್ಟರೆ 30 ಕೊಡಬೇಕು. ಅವನೊಡನೆ ಮಾದಪ್ಪ ಎದೆಗೆ ಎದೆ ಕೊಟ್ಟು ಕಾದುವುದಿಲ್ಲ. ಕಾಲಿಗೆ ಹಮ್ಮಾವುಗೆ ಮಾಡಿಸಿ ತೊಡಿಸುತ್ತಾನೆ, ಮೆಟ್ಟಿದವನು ಸುಟ್ಟುಹೋಗುತ್ತಾನೆ. ಲೋಕವನ್ನೇ ಮೆಟ್ಟಿದವನಿಗೆ ಮೆಟ್ಟೇ ಮೃತ್ಯು.

ಇಷ್ಟಾದ ಮೇಲೆ ಮಾದಪ್ಪನಿಗೆ ಸಮನಾದ ಜೋಡಿ ಏಳು ಮಲೆಯಲ್ಲೂ ಇಲ್ಲ. ಕತೆ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಇನ್ನೂ ದೊಡ್ಡ ರಾಕ್ಷಸನನ್ನೂ ತರುವುದಿಲ್ಲ. ಬರುವುದು ಭಿಕ್ಷೆ ನೀಡಲೊಲ್ಲದ ಬೇವಿನಹಟ್ಟಿ ಕಾಳಮ್ಮ. ಬರುವುದು ಸೋಲಿಗರ ಸಂಕಮ್ಮ. ಗಂಡ ನೀಲೇಗೌಡ ಜೇನಿಗೆ ಹೊರಟು ನಿಂತು, ತಾನಿಲ್ಲದಾಗ ನೀನು ಶೀಲವಂತಳಾಗಿರುವುದಾಗಿ ಬಲಗೈ ಭಾಷೆ ಕೊಡು ಎನ್ನುತ್ತಾನೆ, ಅವಳು ಕೊಡುವುದಿಲ್ಲ. ಹಿಂಸಿಸಿ, ಗುಡಿಸಲಿನಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಶ್ರವಣನನ್ನು ಸುಟ್ಟ ದೇವರಿಗೆ ನೀಲೇಗೌಡ ಯಾವ ಲೆಕ್ಕ? ಒಂದು ಗಾಬ್ಲಿನ್. ಆದರೆ ಗಂಡನನ್ನು ಸುಟ್ಟರೆ ಸಂಕಮ್ಮನ ಮಾತು ಉಳಿಯುತ್ತದೆಯೇ? ಅನುಮಾನವೆಂಬುದಕ್ಕೆ ಜೀವದ ಅಂಕವಿಲ್ಲ, ಹೊಡೆದು ಕೆಡವಲು ಬರುವುದಿಲ್ಲ. ಮಾದಪ್ಪ ಅವಳ ಸಂಕಟ ಬಿಡಿಸಬೇಕು, ಅವಳ ಮಡಿಲು ತುಂಬಬೇಕು, ಹುಟ್ಟುವ ಕಾರಯ್ಯ ಬಿಲ್ಲಯ್ಯರು ತನ್ನ ಒಕ್ಕಲಾಗಬೇಕು. ಹುಲಿಯ ಮೇಲೆ ಕೂತು ಬರುವವನು ಇಲ್ಲಿ ಕುರಿಯ ಹಾಗೆ ಒಂದೊಂದೇ ಮನೆ ಇಟ್ಟು ಆಡಬೇಕು. ಬೆಳಗಿನ ಜಾವದವರೆಗೆ ಜನ ಕಣ್ಣು ಮುಚ್ಚದೆ ಕೂರುವುದು ಈ ಸಾಲಿಗೆ.

ಇದೆಲ್ಲ ಕೇಳಿ ಹುಡುಗ ‘ಹ್ಞೂಂ’ ಎಂದ. ಒಪ್ಪಿದನೋ ಇಲ್ಲವೋ, ಮಾರನೇ ದಿನ ಬೆಂಗಳೂರಿಗೆ ಹೋದ. ಎರಡು ವಾರದ ಮೇಲೆ ಫೋನು ಬಂತು.

ಐವರನ್ನೂ ಹಳೇ ದಾರಿಗೆ, 1ನೇ ಲೆವೆಲ್ಲಿನಲ್ಲಿ ಅವರು ಸಾಯುವುದರಲ್ಲಿದ್ದ ಅದೇ ಕಣಿವೆಗೆ ಕರೆದುಕೊಂಡು ಹೋಗಿದ್ದನಂತೆ. ಏಳು ಗಾಬ್ಲಿನ್‌ಗಳು. ತಲೆಗೆ 7 ಅಂಕ, ಒಂದೂ ಹೆಚ್ಚಿಲ್ಲ. ಮೊದಲ ಸುತ್ತಿನಲ್ಲೇ ಆರು ಉರುಳಿದವು, ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಏಳನೆಯದು ಕೈಯಲ್ಲಿದ್ದ ಕತ್ತಿ ಬಿಸಾಕಿ ಮಾಂತ್ರಿಕನ ಕಾಲಿಗೆ ಬಿತ್ತು.

‘ಆಮೇಲೆ?’ ಎಂದೆ.

‘ಅಷ್ಟೇ ಮಾವ. ಅದನ್ನ ಏನ್ ಮಾಡದು ಅಂತ ಮೂರ್ ಗಂಟೆ ಜಗಳ. ರಾತ್ರಿ ಹನ್ನೊಂದಾದ್ರೂ ಒಂದು ದಾಳ ಉರುಳ್ಲಿಲ್ಲ. ಮುಂದಿನ್ ಶನಿವಾರಕ್ಕೆ ಇಟ್ಕಂಡಿದೀವಿ.’